ಮೂರು ಎಣಿಸುವುದರೊಳಗೆ

ಸೋಮವಾರ, ಜೂನ್ 10

ಬೆಳಿಗ್ಗೆ ನನ್ನ ಮಗಳು ಮಿಡತೆಗೆ ಅಂಗಿ ಬದಲಿಸುವಾಗ ತೋಳು ನೋಡಿದೆ. ಅಂಗಿಯ ತೋಳು ಮುಚ್ಚುವಷ್ಟು ಜಾಗದಲ್ಲಿ ಐದು ಕಲೆ. ಎರಡು ಹಳದಿ, ಎರಡು ಹಸಿರು, ಒಂದು ನೇರಳೆ. ಹದಿನಾಲ್ಕು ವರ್ಷದಿಂದ ಆಸ್ಪತ್ರೆಯ ಪ್ಲಾಸ್ಟರ್ ಕೋಣೆಯಲ್ಲಿ ಮುರಿದ ಕೈಕಾಲಿಗೆ ಕಟ್ಟು ಹಾಕುತ್ತಿದ್ದೇನೆ. ಕಲೆಯ ಬಣ್ಣ ನೋಡಿದರೆ ಎಷ್ಟು ದಿನದ್ದು ಎಂದು ಹೇಳಬಲ್ಲೆ. ನೇರಳೆಯದು ಶನಿವಾರದ್ದು. ಹಳದಿಯವು ಹತ್ತು ದಿನದವು. ಹತ್ತು ದಿನ ನನ್ನ ಕಣ್ಣಿಗೆ ಏನು ಮಂಕು ಕವಿದಿತ್ತೋ.

"ಏನೇ ಇದು?"

"ಬಾಗಿಲು ತಾಗ್ತು."

"ಬಾಗಿಲು ಚಿವುಟುತ್ತಾ?"

ಆಮೇಲೆ ಒಂದೊಂದೇ ಮಾತು ಹೊರಬಂತು. ಅವಳ ಕ್ಲಾಸಿನವಳೇ, ಎರಡು ಜಡೆಯವಳು. ಸ್ಕೂಲ್ ಬಸ್ಸಿನಲ್ಲಿ ಪಕ್ಕದಲ್ಲೇ ಕೂರುತ್ತಾಳೆ. ಕಿಟಕಿ ಸೀಟು ಬಿಟ್ಟುಕೊಡದಿದ್ದರೆ ಚಿವುಟು. ಬಿಟ್ಟುಕೊಟ್ಟರೆ, ಬೇಗ ಬಿಡಲಿಲ್ಲ ಎಂದು ಚಿವುಟು. ಅತ್ತರೆ ಇನ್ನೊಂದು. ಶಾಲೆ ಶುರುವಾದ ದಿನದಿಂದ ನಡೆದಿದೆ. ಹತ್ತು ವರ್ಷದ ಮಗು, ಕಾಲು ಉದ್ದ, ಮೈ ಕಡ್ಡಿ, ಅದಕ್ಕೇ ಅವರಪ್ಪ ಮಿಡತೆ ಅಂತ ಹೆಸರಿಟ್ಟಿದ್ದು. ಅದನ್ನು ಚಿವುಟಲು ಮಾಂಸವಾದರೂ ಎಲ್ಲಿ ಸಿಕ್ಕಿತು ಆ ಪಿಶಾಚಿಗೆ!

ಕೆಲಸಕ್ಕೆ ತಡವಾಗಿ ಹೋದೆ.

ಬುಧವಾರ, ಜೂನ್ 12

ಅರ್ಧ ದಿನ ರಜೆ ಹಾಕಿ ಶಾಲೆಗೆ ಹೋದೆ. ಮಿಡತೆಯ ಕ್ಲಾಸ್ ಟೀಚರ್ ನಗುಮುಖದ ಹೆಂಗಸು. ಅಷ್ಟು ನಗಬಾರದು ಯಾರೂ.

"ಮಕ್ಕಳಾಟ ಮೇಡಂ. ಇವತ್ತು ಜಗಳ, ನಾಳೆ ದೋಸ್ತಿ. ನೀವು ದೊಡ್ಡದು ಮಾಡ್ಕೋಬೇಡಿ."

"ತೋಳು ನೋಡಿದೀರಾ ನೀವು?"

"ನೋಡಿದೆ. ಇಬ್ಬರನ್ನೂ ಕರ್ಸಿ ಶೇಕ್‌ಹ್ಯಾಂಡ್ ಮಾಡಿಸ್ತೀನಿ, ಆಯ್ತಾ?"

ನನ್ನೆದುರೇ ಕರೆಸಿದರು. ಎರಡು ಜಡೆಯವಳು ಹೇಗಿರುತ್ತಾಳೋ ಎಂದುಕೊಂಡಿದ್ದೆ. ಮುದ್ದಾಗಿದ್ದಾಳೆ, ಕೆನ್ನೆ ಗುಂಡಗೆ. ನನಗೆ "ನಮಸ್ತೆ ಆಂಟಿ" ಅಂದಳು. ಇಬ್ಬರೂ ಕೈ ಕುಲುಕಿದರು. ಟೀಚರ್ ಚಪ್ಪಾಳೆ ತಟ್ಟಿದರು. ಮಿಡತೆ ನೆಲ ನೋಡುತ್ತಿದ್ದಳು.

ಗುರುವಾರ, ಜೂನ್ 13

ಅಂಗೈಯಲ್ಲಿ ನಾಲ್ಕು ಉಗುರಿನ ಗುರುತು. ಶೇಕ್‌ಹ್ಯಾಂಡ್ ಮಾಡುವಾಗಲೇ ಒತ್ತಿದಳಂತೆ, ಟೀಚರ್ ಚಪ್ಪಾಳೆ ತಟ್ಟುತ್ತಿದ್ದಾಗ.

ಭಾನುವಾರ, ಜೂನ್ 16

ನಮ್ಮ ಯಜಮಾನರ ಜೊತೆ ಜಗಳ. ಅವರು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಾರೆ. ಭಾನುವಾರವೂ ಮೇಜಿನ ಮೇಲೆ ಯಾರದೋ ಪುಸ್ತಕದ ಹಾಳೆ, ಕೈಯಲ್ಲಿ ಕೆಂಪು ಪೆನ್ನು. ಬೆಣ್ಣೆಯಂಥ ಮನುಷ್ಯ. ಬೆಣ್ಣೆಗೆ ಬೆನ್ನುಮೂಳೆ ಇರುವುದಿಲ್ಲ.

"ಬೇರೆ ಸೀಟಲ್ಲಿ ಕೂರೋಕೆ ಹೇಳು. ಡ್ರೈವರಿಗೆ ಒಂದು ಮಾತು ನಾನು ಹೇಳ್ತೀನಿ."

"ಹೇಳಿ, ಹೇಳಿ. ಅವರಿಗೂ ಶೇಕ್‌ಹ್ಯಾಂಡ್ ಕೊಟ್ಟು ಬನ್ನಿ."

"ನಾನೇನು ಆ ಹುಡುಗೀನ ಹೊಡ್ದು ಬರ್ಲಾ? ಅವಳೂ ಮಗೂನೇ ಅಲ್ವೇನೇ?"

ನನಗೆ ಮೈಯೆಲ್ಲ ಉರಿಯಿತು. ನಮ್ಮಪ್ಪನೂ ಹೀಗೇ ಹೇಳುತ್ತಿದ್ದರು. ನಾನು ಆರನೇ ಕ್ಲಾಸಿನಲ್ಲಿದ್ದಾಗ ಮೂವರು ಹುಡುಗಿಯರು ಸೇರಿ ನನ್ನನ್ನು ಪಾಯಿಖಾನೆಯಲ್ಲಿ ಕೂಡಿಹಾಕಿ ಚಿಲಕ ಹಾಕುತ್ತಿದ್ದರು. ಸುಮ್ಮನಿರು, ಅವರಿಗೇ ಸುಸ್ತಾಗಿ ಬಿಡ್ತಾರೆ ಎಂದರು ಅಪ್ಪ. ನಾಲ್ಕು ವರ್ಷ ಸುಮ್ಮನಿದ್ದೆ. ಯಾರಿಗೂ ಸುಸ್ತಾಗಲಿಲ್ಲ. ಈಗಲೂ ನಾನು ಯಾವ ಬಾಗಿಲಿಗೂ ಒಳಗಿಂದ ಪೂರ್ತಿ ಚಿಲಕ ಹಾಕುವುದಿಲ್ಲ. ಇದನ್ನು ಇವರಿಗೆ ಹೇಳಿಲ್ಲ, ಹೇಳಿದರೆ ಮೆತ್ತಗೆ ತಲೆ ಸವರುತ್ತಾರೆ. ತಲೆ ಸವರಿಸಿಕೊಳ್ಳುವ ವಯಸ್ಸಲ್ಲ ನನ್ನದು.

ಮಂಗಳವಾರ, ಜೂನ್ 18

ಇವತ್ತು ಹನ್ನೊಂದು ಜನ. ಮರದಿಂದ ಬಿದ್ದ ಹುಡುಗನೊಬ್ಬನ ಮಣಿಕಟ್ಟು ವಾಲಿಕೊಂಡಿತ್ತು. ಮೂಳೆ ಡಾಕ್ಟರು ಮರಗಟ್ಟುವ ಸೂಜಿ ಕೊಟ್ಟ ಮೇಲೂ ಅವನು ನನ್ನ ಕೈ ನೋಡಿ ಬಾಯಿ ಬಿಟ್ಟು ಅತ್ತ. ನಾನು ಯಾವಾಗಲೂ ಮಾಡುವ ಹಾಗೇ ಮಾಡಿದೆ.

"ನೋಡಪ್ಪ, ಮೂರು ಎಣಿಸ್ತೀನಿ. ಮೂರಕ್ಕೆ ಡಾಕ್ಟ್ರು ಎಳೀತಾರೆ. ರೆಡಿನಾ? ಒಂದು, ಎರಡು..."

ಎರಡಕ್ಕೇ ಎಳೆದಾಯಿತು. ಮೂರಕ್ಕೆ ಮೈ ಬಿಗಿ ಮಾಡಿಕೊಳ್ಳಲು ಕಾದಿರುತ್ತಾರೆ, ಎರಡಕ್ಕೆ ಸಡಿಲ ಇರುತ್ತಾರೆ. ಈ ಕೋಣೆಯಲ್ಲಿ ಹದಿನಾಲ್ಕು ವರ್ಷದಲ್ಲಿ ಒಂದು ಸಲವೂ ಮೂರು ಬಂದಿಲ್ಲ. ಹುಡುಗ "ಮೋಸ!" ಎಂದು ಕೂಗಿದ, ಆಮೇಲೆ ನಕ್ಕ. ಕಟ್ಟಿನ ಮೇಲೆ ಟೋಪಿ ಹಾಕಿದ ಬಾತುಕೋಳಿ ಬರೆದುಕೊಟ್ಟೆ. ಪ್ರತಿ ಮಗುವಿಗೂ ಅದೇ ಬಾತುಕೋಳಿ, ನನಗೆ ಬರೆಯಲು ಬರುವುದು ಅದೊಂದೇ. ಟೋಪಿಯ ಮೇಲೊಂದು ಕುಚ್ಚು.

ಮನೆಗೆ ಬಂದೊಡನೆ ಮಿಡತೆ ದಿನವೂ ಕೇಳುವುದನ್ನೇ ಕೇಳಿದಳು. "ಅಮ್ಮ, ಇವತ್ತು ಯಾರು ಅತ್ರು?" ಹೇಳಿದೆ. "ಪಾಪ, ಈಗ ನೋವು ಹೋಗಿರುತ್ತಾ?" ಅಂದಳು. ಅವಳ ತೋಳಿನಲ್ಲಿ ಹೊಸದೊಂದು ನೇರಳೆ ಇತ್ತು. ಇನ್ನೊಬ್ಬರ ಮಣಿಕಟ್ಟಿನ ಚಿಂತೆ ಇದಕ್ಕೆ!

ಆಗಲೇ ಹೊಳೆದದ್ದು. ನನಗೆ ಗೊತ್ತಿರುವ ವಿದ್ಯೆ ಒಂದೇ. ಅದನ್ನೇ ಕಲಿಸುತ್ತೇನೆ.

ಭಾನುವಾರ, ಜೂನ್ 23

ಯಜಮಾನರು ತರಕಾರಿಗೆ ಹೋದಾಗ ಅಡುಗೆಮನೆಯಲ್ಲಿ ಪಾಠ.

"ಇಡೀ ಕೈ ಹಿಡೀಬೇಡ, ನಿನ್ನ ಶಕ್ತಿ ಸಾಲಲ್ಲ. ಕಿರುಬೆರಳು ಒಂದೇ ಹಿಡಿ. ಹೆಬ್ಬೆರಳು ಬುಡಕ್ಕೆ ಇಡು. ಹಾಂ, ಅಲ್ಲಿ. ಈಗ ಹಿಂದಕ್ಕೆ."

"ಅವಳಿಗೆ ನೋವಾಗಲ್ವಾ?"

"ಆಗ್ಲಿ ಅಂತಾನೇ ಕಣೇ!"

ಕಣ್ಣು ತುಂಬಿಕೊಂಡಳು. ನನ್ನ ಬೆರಳನ್ನು ಗಾಜಿನ ಲೋಟ ಹಿಡಿದ ಹಾಗೆ ಹಿಡಿದಿದ್ದಳು. ಗದರಿದೆ. ಆರು ಸಲ ಮಾಡಿಸಿದೆ. ಆಮೇಲೆ ಎಣಿಸುವುದನ್ನು ಹೇಳಿಕೊಟ್ಟೆ.

"ಮೊದಲು ಹೇಳು, ಮೂರು ಎಣಿಸ್ತೀನಿ, ಬಿಟ್ಬಿಡು ಅಂತ. ಆಮೇಲೆ ಎರಡಕ್ಕೇ ಬಗ್ಗಿಸು."

"ಮೂರಕ್ಕೆ ಅಲ್ವಾ?"

"ಮೂರಕ್ಕೆ ಅವಳು ರೆಡಿ ಇರ್ತಾಳೆ. ನಾನು ಆಸ್ಪತ್ರೇಲಿ ಮಾಡಲ್ವಾ?"

"ಅದು ಒಳ್ಳೇದಕ್ಕೆ ಅಲ್ವಾ ಅಮ್ಮ?"

"ಇದೂ ಒಳ್ಳೇದಕ್ಕೇ."

ಶುಕ್ರವಾರ, ಜೂನ್ 28

ಗೆದ್ದಳು! ನನ್ನ ಮಗಳು ಗೆದ್ದಳು!

ಸಂಜೆ ಬಸ್ಸು ತಿರುವಿನಲ್ಲಿ ಬಂದಾಗಲೇ ನೋಡಿದೆ. ಕಿಟಕಿಯಲ್ಲಿ ಮಿಡತೆಯ ಮುಖ. ಇಳಿದವಳೇ ಉಸಿರು ಕಟ್ಟಿ ಹೇಳಿದಳು. ಎರಡು ಜಡೆಯವಳು ಚಿವುಟಲು ಕೈ ಹಾಕಿದ್ದಾಳೆ. ಇವಳು ಬೆರಳು ಹಿಡಿದು, ಒಂದು, ಎರಡು. ಅವಳು ಸೀಟಿನಿಂದ ಜಾರಿ ನೆಲಕ್ಕೆ ಕೂತು "ಅಮ್ಮಾ" ಅಂದಳಂತೆ. ಯಾರಮ್ಮ ಬರಬೇಕಿತ್ತು ಅಲ್ಲಿ? ಒಂದು ತಿಂಗಳು ನನ್ನ ಮಗಳಿಗೆ ಯಾರು ಬಂದರು?

"ಮುರೀಲಿಲ್ಲ ಅಮ್ಮ, ಸ್ವಲ್ಪಾನೇ ಬಗ್ಗಿಸ್ದೆ. ಆಮೇಲೆ ನನಗೇ ವಾಂತಿ ಬರೋ ಹಾಗಾಯ್ತು."

ಬೆನ್ನು ತಟ್ಟಿದೆ. ದಾರಿಯಲ್ಲೇ ಐಸ್‌ಕ್ರೀಂ ಕೊಡಿಸಿದೆ. ಅರ್ಧ ತಿಂದು ಸಾಕೆಂದಳು, ಉಳಿದದ್ದು ನಾನೇ ತಿಂದೆ. ಅಷ್ಟು ರುಚಿಯಾದ ಐಸ್‌ಕ್ರೀಂ ತಿಂದು ವರ್ಷಗಳಾದವು.

ಭಾನುವಾರ, ಜುಲೈ 7

ಅಭ್ಯಾಸ ಬಿಡಬಾರದು ಎಂದು ಅವರಪ್ಪನ ಮೇಲೆ ಮಾಡಿಸಿದೆ. ಅವರು ತಮಾಷೆ ಎಂದು ಕೈಚಾಚಿ, "ಬಾರಮ್ಮ ಪೈಲ್ವಾನ್" ಎಂದು ಕೂತರು. "ಒಂದು, ಎರಡು" ಎಂದು ಬಗ್ಗಿಸಿಯೇಬಿಟ್ಟಳು. ಪೆನ್ನು ಹಿಡಿಯುವ ಕೈ. ಮುಖ ಸುಣ್ಣವಾಯಿತು ಅವರದು. ಮಿಡತೆ "ಸಾರಿ ಅಪ್ಪ" ಎಂದು ಓಡಿ ಐಸು ತರಲು ಹೊರಟಳು. ತಡೆದೆ.

"ಸಾರಿ ಅನ್ನೋದು ಬಿಡು ಮೊದ್ಲು. ತಪ್ಪಾಯ್ತು ಅಂದ್ರೆ ಮತ್ತೆ ಹಿಡ್ಕೊಳ್ತಾರೆ."

"ಮನೇಲೂ ಬೇಡ್ವಾ?" ಅಂದರು ಇವರು.

"ಅಭ್ಯಾಸ ಅಂದ್ಮೇಲೆ ಎಲ್ಲಾ ಕಡೆ."

ನಾನೇ ಪಟ್ಟಿ ಸುತ್ತಿದೆ. ಸುಮ್ಮನೆ ಸುತ್ತಿಸಿಕೊಂಡರು. ನೋವಿಗಿಂತ ಆ ಮೌನದ ನಾಟಕ ಹೆಚ್ಚಾಯಿತು. ವಾರ ಪೂರ್ತಿ ಎಡಗೈಯಲ್ಲಿ ಕರಡು ತಿದ್ದುತ್ತಾರಂತೆ. ತಿದ್ದಲಿ.

ಗುರುವಾರ, ಜುಲೈ 18

ಹಿರಿಯ ನರ್ಸ್ ದೊಡ್ಡಕ್ಕ ಚಹಾ ಹೊತ್ತಿನಲ್ಲಿ ಬಂದು, ಸುತ್ತಿ ಬಳಸಿ, ಕೊನೆಗೆ ಹೇಳಿದರು.

"ಬೇಜಾರು ಮಾಡ್ಕೋಬೇಡ. ಈಚೆಗೆ ನಿನ್ನ ರೂಮಿಂದ ಮಕ್ಕಳ ಕಿರುಚಾಟ ಜಾಸ್ತಿ ಕೇಳ್ತಿದೆ."

"ಮಕ್ಕಳೇ ಜಾಸ್ತಿ ಆಗಿದಾರೆ ದೊಡ್ಡಕ್ಕ."

"ಆ ಬಾತುಕೋಳೀನೂ ಬರೀತಿಲ್ವಂತೆ?"

"ಅಳು ನಿಲ್ಲಿಸಿದವರಿಗೆ ಬರೀತೀನಿ."

ತಪ್ಪೇನಿದೆ ಅದರಲ್ಲಿ? ಎಲ್ಲಾ ಮಕ್ಕಳನ್ನೂ ಮುದ್ದು ಮಾಡಿ ಮಾಡಿಯೇ ಹೀಗಾಗಿರುವುದು. ಮೊನ್ನೆ ಔಷಧಿ ಸಾಲಿನಲ್ಲಿ ಒಬ್ಬಳು ನನ್ನ ಮುಂದೆ ನುಸುಳಿದಳು. ಮೊದಲಾದರೆ ಮನಸ್ಸಿನಲ್ಲೇ ಬೈದುಕೊಂಡು ನಿಲ್ಲುತ್ತಿದ್ದೆ. ಈ ಸಲ ಮೊಣಕೈಯಿಂದ ಒಂದು ಕೊಟ್ಟೆ, ಪಕ್ಕೆಲುಬಿನ ಕೆಳಗೆ, ಎಲ್ಲಿ ಕೊಡಬೇಕೋ ಅಲ್ಲಿ. ತಿರುಗಿ ನೋಡಿದಳು, ಹಿಂದೆ ಹೋದಳು. ಹಾಯೆನಿಸಿತು.

ಮಿಡತೆಗೆ ಈಗ ನನ್ನ ಕೆಲಸದಲ್ಲಿ ಆಸಕ್ತಿ ಹೆಚ್ಚಾಗಿದೆ. ಬರೀ ಯಾರು ಅತ್ರು ಎಂದು ಕೇಳುವುದಿಲ್ಲ. "ಎಷ್ಟು ಜೋರಾಗಿ ಅತ್ತ? ಯಾವ ಮೂಳೆ ಬೇಗ ಮುರಿಯುತ್ತೆ? ಚಿಕ್ಕೋರ್ದು ಇನ್ನೂ ಬೇಗನಾ?" ಎಂದೆಲ್ಲ ಕೇಳುತ್ತಾಳೆ. ಮುಂದೆ ಡಾಕ್ಟರೇ ಆಗಬಹುದು. ಸ್ನೇಹಿತರೂ ಆಗಿದ್ದಾರೆ. ಎರಡು ಜಡೆಯವಳೇ ಈಗ ಇವಳ ಬ್ಯಾಗ್ ಹೊತ್ತು ಬಸ್ಸಿನಿಂದ ಇಳಿಸಿಕೊಡುತ್ತಾಳೆ. ನೋಡಿ ಹೊಟ್ಟೆ ತಣ್ಣಗಾಯಿತು. ಯಾರೋ ಇವಳಿಗೆ ಹೊಸ ಪೆನ್ಸಿಲ್ ಡಬ್ಬಿ ಕೊಟ್ಟಿದ್ದಾರೆ, ಯಾರೋ ಬಣ್ಣದ ರಬ್ಬರು.

"ಅವ್ರಾಗೇ ಕೊಟ್ರಾ?" ಎಂದು ಇವರು ಕೇಳಿದರು.

"ಕೇಳ್ದೆ. ಕೊಟ್ರು," ಅಂದಳು ಮಿಡತೆ.

ಹೆತ್ತ ಮಗಳ ಮೇಲೆ ಸಂಶಯ ಪಡುವ ಅಪ್ಪ. ಒದೆ ತಿಂದು ಬಂದಾಗ ಇಷ್ಟು ಪ್ರಶ್ನೆ ಕೇಳಲಿಲ್ಲ ಮಹಾನುಭಾವರು.

ಮಂಗಳವಾರ, ಆಗಸ್ಟ್ 6

ಮಧ್ಯಾಹ್ನ ಒಬ್ಬ ತಾತ ಏಳು ವರ್ಷದ ಮೊಮ್ಮಗಳನ್ನು ಕರೆತಂದರು. ಮುಂದಿನ ಎರಡು ಹಲ್ಲು ಬಿದ್ದಿವೆ, ಬಾಯಿ ತೆರೆದರೆ ಪುಟ್ಟ ಗೂಡು. ಮಿಡತೆಯ ಶಾಲೆಯದೇ ಯೂನಿಫಾರ್ಮ್. ಎಂಟುನೂರು ಮಕ್ಕಳಿದ್ದಾರೆ ಆ ಶಾಲೆಯಲ್ಲಿ.

ಕಿರುಬೆರಳು ಬುಡದಲ್ಲಿ ಮುರಿದಿತ್ತು. ಬಸ್ಸಿನ ಮೆಟ್ಟಿಲಲ್ಲಿ ಬಿದ್ದಳು ಎಂದರು ತಾತ. ಮಗು ನೆಲ ನೋಡುತ್ತಿತ್ತು. ಎಕ್ಸ್‌ರೇ ದೀಪಕ್ಕೆ ಹಿಡಿದಾಗ ಡಾಕ್ಟರು, "ಬಿದ್ರೆ ಮಣಿಕಟ್ಟು ಹೋಗ್ಬೇಕಿತ್ತಲ್ಲ" ಎಂದು ತಮಗೆ ತಾವೇ ಹೇಳಿಕೊಂಡು ಮುಂದಿನ ರೋಗಿಯ ಕಡೆ ಹೋದರು. ಅವರಿಗೆ ದಿನಕ್ಕೆ ನೂರು ಮೂಳೆ.

ಡಾಕ್ಟರು ಮರಳಿ ಬಂದು ಸೂಜಿ ಹಾಕಿ ಬೆರಳು ಸರಿ ಮಾಡುವಾಗ ಎಂದಿನಂತೆ ಶುರು ಮಾಡಿದೆ. "ಮೂರು ಎಣಿಸ್ತೀನಿ ಪುಟ್ಟಾ..."

ಹಾಗಂದದ್ದೇ ತಡ, ಮಗು ಚೀರಿಕೊಂಡು ಮೇಜಿನಿಂದ ಧುಮುಕಲು ಹೋಯಿತು. ಇನ್ನೂ ಮುಟ್ಟಿರಲಿಲ್ಲ. ಒಂದು ಕೂಡ ಎಣಿಸಿರಲಿಲ್ಲ. ತಾತ, ದೊಡ್ಡಕ್ಕ ಇಬ್ಬರೂ ಹಿಡಿಯಬೇಕಾಯಿತು. ಎಣಿಸದೆಯೇ ಮುಗಿಸಿದೆವು. ಕಿರುಬೆರಳು, ಉಂಗುರದ ಬೆರಳು ಸೇರಿಸಿ ಮೊಣಕೈವರೆಗೆ ಕಟ್ಟು ಹಾಕಿದೆ. ಬಾತುಕೋಳಿ ಬರೆಯಲಿಲ್ಲ, ಅಳು ನಿಂತಿರಲಿಲ್ಲ.

ಕಾರಣ ಎಂಬ ಕಡೆ "ಬಿದ್ದು" ಎಂದು ಬರೆದೆ.

ಬುಧವಾರ, ಆಗಸ್ಟ್ 7

ಬಸ್ಸಿನ ಬಾಗಿಲಿಗೆ ಸಿಕ್ಕಿಸಿಕೊಂಡಿರಬೇಕು. ಬೈಗುಳಕ್ಕೆ ಹೆದರಿ ಬಿದ್ದೆ ಅಂದಿರುತ್ತದೆ. ಮಕ್ಕಳು ಹಾಗೇ.

ಮಿಡತೆ ನಿನ್ನೆಯೂ ಇವತ್ತೂ ಯಾರು ಅತ್ರು ಎಂದು ಕೇಳಲಿಲ್ಲ.

ನಾನೂ ಹೇಳಲಿಲ್ಲ.

ಮಂಗಳವಾರ, ಸೆಪ್ಟೆಂಬರ್ 3

ಇವತ್ತು ಆ ಮಗುವಿನ ಕಟ್ಟು ಬಿಚ್ಚುವ ದಿನ. ತಾತ ಹೊರಗೆ ಚೀಟಿ ಮಾಡಿಸುತ್ತಿದ್ದರು, ಮಗು ತಾನೊಂದೇ ಒಳಗೆ ಬಂದು ಸ್ಟೂಲಿನ ಮೇಲೆ ಕೂತಿತು. ಒಂದು ಹಲ್ಲು ಅರ್ಧ ಬಂದಿದೆ.

ಕೈ ತಿರುಗಿಸಿದೆ. ಕಟ್ಟಿನ ಮೇಲೆ, ಅಂಗೈ ಬದಿಯಲ್ಲಿ, ಟೋಪಿ ಹಾಕಿದ ಬಾತುಕೋಳಿ. ಟೋಪಿಯ ಮೇಲೆ ಕುಚ್ಚು.

ನಾನು ಬರೆದದ್ದಲ್ಲ. ಬೇರೆಯವರು ಬರೆದಿದ್ದರೆ ಕುಚ್ಚು ಇರುತ್ತಿರಲಿಲ್ಲ. ಕುಚ್ಚು ಮಿಡತೆ ನಾಲ್ಕು ವರ್ಷದವಳಿದ್ದಾಗ ಅವಳೇ ಸೇರಿಸಿದ್ದು. ಟೋಪಿ ಬೋಳಾಗಿದೆ ಅಮ್ಮ ಎಂದು. ಅವತ್ತಿನಿಂದ ನಾನೂ ಬರೆಯುತ್ತಿದ್ದೇನೆ.

"ಯಾರು ಬರ್ದಿದ್ದು ಪುಟ್ಟಾ?"

"ಬಸ್ಸಲ್ಲಿರೋ ಅಕ್ಕ. ಕಿಟಕಿ ಅಕ್ಕ. ಯಾರಿಗೂ ಹೇಳ್ಬೇಡ ಅಂತ ಬರ್ದುಕೊಟ್ಲು." ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡಿತು.

ಕಟ್ಟು ಕೊಯ್ಯುವ ಗರಗಸದ ಯಂತ್ರ ಕೈಯಲ್ಲಿತ್ತು. ಅದು ಚರ್ಮ ಕೊಯ್ಯುವುದಿಲ್ಲ, ಬರೀ ನಡುಗುತ್ತದೆ. ಮಕ್ಕಳಿಗೆ ಧೈರ್ಯ ಬರಲೆಂದು ಮೊದಲು ನನ್ನ ಅಂಗೈಗೇ ಹಿಡಿದು ತೋರಿಸುತ್ತೇನೆ. ಹಿಡಿದೆ. ಆಮೇಲೆ ಆರಿಸಿ ಪಕ್ಕಕ್ಕಿಟ್ಟೆ.

"ನನ್ಹತ್ರ ಹೇಳ್ಬಹುದು. ಏನಾಯ್ತು ಬಸ್ಸಲ್ಲಿ?"

ಮಗು ಬಾಗಿಲ ಕಡೆ ನೋಡಿ, ಸಣ್ಣ ದನಿಯಲ್ಲಿ ಹೇಳಿತು. "ಅದು ಅವಳ ಸೀಟು ಅಂತ ನನಗೆ ಗೊತ್ತಿರ್ಲಿಲ್ಲ. ಬೆರಳು ಹಿಡ್ಕೊಂಡು ಮೂರು ಎಣಿಸ್ತೀನಿ ಎದ್ದೇಳು ಅಂದ್ಲು. ನಾನು ಎದ್ದೇಳ್ತಾನೇ ಇದ್ದೆ ಆಂಟಿ. ಬ್ಯಾಗ್ ಸಿಕ್ಕಾಕೊಂಡಿತ್ತು. ಮೂರು ಆಗಿರ್ಲೇ ಇಲ್ಲ."

ಎರಡು ಸಲ ಹೇಳಿತು, ನಾನು ನಂಬಲಿಲ್ಲವೇನೋ ಎಂದು. ಮೂರು ಆಗಿರ್ಲೇ ಇಲ್ಲ.

ಬಾತುಕೋಳಿಯನ್ನು ನಡುವೆ ಸೀಳಿ ಕಟ್ಟು ಬಿಚ್ಚಿದೆ. ಕೈ ತೆಳ್ಳಗೆ, ಬೆಳ್ಳಗೆ ಹೊರಬಂತು. ಬೆರಳು ಕೂಡಿದೆ, ಆದರೆ ಒಂದು ನೂಲಿನಷ್ಟು ಹೊರಗೆ ವಾಲಿದೆ. ಹಾಗೇ ಉಳಿಯುತ್ತದೆ. ತಾತ ಒಳಗೆ ಬಂದು ಬೆರಳಿಗೆ ಮುತ್ತು ಕೊಟ್ಟರು. "ಬಸ್ಸಿನ ಕೊನೇ ಸ್ಟಾಪಿನ ಎದುರೇ ನನ್ನ ಬೀಗ ರಿಪೇರಿ ಅಂಗಡಿ ಅಮ್ಮ. ಏನಿದ್ರೂ ಬನ್ನಿ, ನಿಮ್ಮ ಉಪಕಾರ ಮರೆಯಲ್ಲ," ಅಂದರು. ನನಗೆ! ನೆಲ ಬಾಯ್ಬಿಡಬಾರದೇ ಅನಿಸಿತು. ಹೇಳಬಹುದಿತ್ತು. ಡಾಕ್ಟರು ಪಕ್ಕದ ಕೋಣೆಯಲ್ಲೇ ಇದ್ದರು, ಕಡತ ನನ್ನ ಕೈಯಲ್ಲೇ ಇತ್ತು, "ಬಿದ್ದು" ಎಂಬುದು ನನ್ನದೇ ಅಕ್ಷರದಲ್ಲಿತ್ತು. ಕಡತ ಮಡಚಿ ಅವರನ್ನು ಕಳಿಸಿದೆ.

ಅದೇ ದಿನ, ಸಂಜೆ

ಬಸ್ಸು ಬಂತು. ಕಿಟಕಿಯಲ್ಲಿ ಮಿಡತೆಯ ಮುಖ. ಅವಳ ಪಕ್ಕದ ಸೀಟು ಖಾಲಿ, ಹಿಂದೆ ಮಕ್ಕಳು ಒತ್ತೊತ್ತಿಕೊಂಡು ನಿಂತಿದ್ದರು. ಎಷ್ಟು ದಿನದಿಂದ ಹೀಗಿದೆಯೋ. ನಾನು ದಿನವೂ ಇದೇ ಜಾಗದಲ್ಲಿ ನಿಲ್ಲುತ್ತೇನೆ, ಕಿಟಕಿಯೊಂದನ್ನೇ ನೋಡುತ್ತಿದ್ದೆ.

ಮನೆಗೆ ಬಂದು ಬ್ಯಾಗ್ ಇಟ್ಟು, ಶೂ ಬಿಚ್ಚಲು ಕೂತವಳಿಗೆ ಹೇಳಿದೆ.

"ಶೂ ಬಿಚ್ಚಬೇಡ. ಕೊನೇ ಸ್ಟಾಪಿಗೆ ಹೋಗೋಣ, ಬೀಗದ ಅಂಗಡಿಗೆ. ಆ ಮಗು ಹತ್ರ ತಪ್ಪಾಯ್ತು ಅಂತ ಹೇಳು."

ಯಾವ ಮಗು ಎಂದು ಕೇಳಲಿಲ್ಲ. "ತಪ್ಪಾಯ್ತು ಅಂದ್ರೆ ಮತ್ತೆ ಹಿಡ್ಕೊಳ್ತಾರೆ. ನೀನೇ ಹೇಳಿದ್ದು."

"ಏಳು ವರ್ಷದ ಮಗು ಕಣೇ ಅದು! ಏನು ಹಿಡ್ಕೊಳ್ಳುತ್ತೆ ನಿನ್ನ?"

"ಎದ್ದೇಳು ಅಂದೆ, ಎದ್ದೇಳ್ಲಿಲ್ಲ."

"ಎದ್ದೇಳ್ತಾ ಇತ್ತು! ನೀನು ಮೂರರ ತನಕ ಬಿಡ್ಲೇ ಇಲ್ಲ!"

ಮಿಡತೆ ನನ್ನ ಮುಖವನ್ನೇ ನೋಡಿದಳು. ಹೋಂವರ್ಕಿನಲ್ಲಿ ತಿಳಿಯದ್ದನ್ನು ಕೇಳುವಾಗ ಹೀಗೇ ನೋಡುತ್ತಾಳೆ. "ಮೂರರ ತನಕ ಯಾರಾದ್ರೂ ಬಿಡ್ತಾರಾ ಅಮ್ಮ?"

ಅವಳ ಮಣಿಕಟ್ಟು ಹಿಡಿದು ಬಾಗಿಲ ಕಡೆ ಎಳೆದೆ. ಜೋರಾಗಿಯೇ ಎಳೆದೆ. ಇವರು ಕರಡು ಬಿಟ್ಟು ಎದ್ದು, "ಬಿಡೇ, ಬಿಡೇ ಅವಳನ್ನ" ಎಂದರು. ಬಿಡಲಿಲ್ಲ. ಮೂರು ತಿಂಗಳ ಹಿಂದೆಯಾಗಿದ್ದರೆ ಇಷ್ಟು ಹೊತ್ತಿಗೆ ಗೋಳೋ ಎಂದು ಅತ್ತಿರುತ್ತಿದ್ದಳು. ಅತ್ತರೆ ಸಾಕಿತ್ತು, ದೇವರಾಣೆ, ಅಪ್ಪಿಕೊಂಡು ಬಿಡುತ್ತಿದ್ದೆ.

ಅಳಲಿಲ್ಲ. ಅವಳ ಇನ್ನೊಂದು ಕೈ ಮೆಲ್ಲಗೆ ಬಂದು ನನ್ನ ಕಿರುಬೆರಳನ್ನು ಹುಡುಕಿ ಹಿಡಿಯಿತು. ಹೆಬ್ಬೆರಳು ಬುಡಕ್ಕೆ ಕೂತಿತು, ಎಲ್ಲಿ ಕೂರಬೇಕೋ ಅಲ್ಲಿಯೇ.

"ಮೂರು ಎಣಿಸ್ತೀನಿ ಅಮ್ಮ," ಅಂದಳು. "ಬಿಟ್ಬಿಡು."

ಅವಳ ಕಣ್ಣು ನೋಡಿದೆ. ಸಿಟ್ಟು ಇರಲಿಲ್ಲ ಅದರಲ್ಲಿ.

"ಒಂದು."

ಕೈ ಬಿಟ್ಟೆ.